ಬಸಿರು ಹೋದವಳು ಮನೆಗೆ ಬಂದಾಗ ಏನು ಮಾಡಬೇಕು

"ಹೋಗ್ಲಿ ಬಿಡು, ಇನ್ನೂ ವಯಸ್ಸಿದೆ, ಇನ್ನೊಂದಾಗತ್ತೆ" ಅಂತ ದಯವಿಟ್ಟು ಹೇಳಬೇಡಿ. ನನಗೂ ಹಾಗೇ ಹೇಳಿದರು, ಪ್ರೀತಿಯಿಂದಲೇ ಹೇಳಿದರು, ಆದರೆ ನಾನು ಅಳುತ್ತಿದ್ದದ್ದು ಹೋದ ಮಗುವಿಗಾಗಿ ಅಲ್ವಾ? ಮಾತು ತೋಚದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಬಿಸಿ ಅನ್ನ ಸಾರು ಬಡಿಸಿ.

ಪಪ್ಪಾಯಿ ತಿಂದದ್ದಕ್ಕಾ, ಬಸ್ಸಲ್ಲಿ ಓಡಾಡಿದ್ದಕ್ಕಾ ಅಂತ ಅವಳ ತಲೆ ಕೊರೆಯುತ್ತಲೇ ಇರುತ್ತದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ, ಅಂದರೆ ಜೀವಕೋಶದೊಳಗಿನ ವಂಶವಾಹಿ ಎಳೆಗಳ, ಏರುಪೇರೇ ಕಾರಣ. ಅದನ್ನು ಯಾರೂ ತಡೆಯಲಾರರು. ಈ ಮಾತನ್ನು ಡಾಕ್ಟರ್ ಬಾಯಿಂದಲೇ ಹೇಳಿಸಿ, ಅತ್ತೆಯೂ ಗಂಡನೂ ಪಕ್ಕದಲ್ಲಿ ಇರುವಾಗಲೇ ಹೇಳಿಸಿ.

ಹಾಲಿನ ವಿಷಯ ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಐದನೇ ತಿಂಗಳ ಹೊತ್ತಿಗೆ ಹೋದರೆ ಎದೆಹಾಲು ಬರಬಹುದು. ನನಗೆ ಮೂರನೇ ದಿನ ರವಿಕೆ ಒದ್ದೆಯಾಯಿತು, ಬಚ್ಚಲ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ, ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಎದೆಗೆ ಆಸರೆ ಕೊಡುವ ಬ್ರಾ ಹಾಕಿಕೊಳ್ಳಲಿ, ತಣ್ಣನೆಯ ಒದ್ದೆ ಬಟ್ಟೆ ಇಡಿ. ತೀರಾ ಬಿಗಿದು ನೋವಾದರೆ ಸ್ವಲ್ಪವೇ ಹಿಂಡಿ ತೆಗೆಯಬಹುದು, ಜಾಸ್ತಿ ಹಿಂಡಿದರೆ ಇನ್ನೂ ಬರುತ್ತದೆ. ಎದೆ ಕೆಂಪಾಗಿ ಜ್ವರ ಬಂದರೆ ತಡಮಾಡಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕೆಲಸಕ್ಕೆ ಹೋಗುವವಳಾದರೆ ಡಾಕ್ಟರ್ ಚೀಟಿ ಇಟ್ಟುಕೊಳ್ಳಿ. ಹೆರಿಗೆ ರಜೆಯ ಕಾನೂನಿನಲ್ಲೇ ಗರ್ಭಪಾತಕ್ಕೆ ಸಂಬಳ ಸಮೇತ 6 ವಾರ ರಜೆಯಿದೆ.

ಅಳುವುದು ಕಾಯಿಲೆಯಲ್ಲ. ಒಂದು ದಿನ ನಕ್ಕು ಮರುದಿನ ಅತ್ತರೂ ಸರಿ. ಆದರೆ ಎರಡು ವಾರ ಕಳೆದರೂ ದಿನವಿಡೀ ಮಂಕು, ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ತಲೆ ಬಾಚಿಕೊಳ್ಳಲೂ ಏಳುವುದಿಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುತ್ತಾಳೆ ಅಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಗಂಡನೂ ಮಾಡಬಹುದು, ಅವನಿಗೂ ಮಗು ಹೋಗಿದೆ.

ನೆಂಟರ ಮನೆ ಸೀಮಂತ ಬಂದರೆ ಅವಳಿಗೆ ಹೇಳದೆ ಮುಚ್ಚಿಡಬೇಡಿ, ಬರಲೇಬೇಕು ಅಂತ ಎಳೆಯಲೂ ಬೇಡಿ, "ಬರ್ತೀಯಾ?" ಅಂತ ಕೇಳಿ ಅವಳು ಹೇಳಿದಂತೆ ಮಾಡಿ. ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅವಳಂತೂ ಮರೆತಿರುವುದಿಲ್ಲ. ಆ ದಿನ ಅವಳಿಗೊಂದು ಫೋನ್ ಮಾಡಿ.