ಕನ್ವರ್ಟಿಬಲ್ ಕಾರಿನ ಕನ್ನಡಿ: ಬಿಚ್ಚೋದು ಸುಲಭ, ನೀರು ತಡೆಯೋದೇ ಕೆಲಸ

ನನ್ನದು 1990ರ ದಶಕದ ಜಪಾನಿ ಕಾರು. ಎರಡು ಬಾಗಿಲು, ಎರಡು ಸೀಟು, ಮಡಚಿ ತೆರೆಯುವ ಬಟ್ಟೆಯ ಟಾಪ್, ಅಂದರೆ ಕನ್ವರ್ಟಿಬಲ್. ಟಾಪ್ ಮುಚ್ಚಿದರೆ ಹಿಂದುಗಡೆ ಏನೂ ಸರಿಯಾಗಿ ಕಾಣುವುದಿಲ್ಲ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದೆ, ಎರಡೂ ಮೂಲೆಗಳನ್ನು ಬಟ್ಟೆಯೇ ನುಂಗಿದೆ. ಇಂಥ ಕಾರಿನಲ್ಲಿ ಬಾಗಿಲ ಕನ್ನಡಿ ಇಲ್ಲದೆ ಲೇನ್ ಬದಲಿಸುವುದೆಂದರೆ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೇ. ನಿಲ್ಲಿಸಿದ್ದ ಕಾರಿನ ಡ್ರೈವರ್ ಪಕ್ಕದ ಕನ್ನಡಿಗೆ ಯಾರೋ ತಾಗಿಸಿ ಹೋಗಿದ್ದರು. ಅದನ್ನು ನಾನೇ ಬದಲಿಸಿದೆ. ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಕನ್ನಡಿ ಕಾಲು ಭಾಗ, ಬಾಗಿಲು ಮುಕ್ಕಾಲು ಭಾಗ.

ಮುರಿದದ್ದು ನಿಜವಾಗಿ ಏನು ಅಂತ ಮೊದಲು ನೋಡಬೇಕು. ಗಾಜು, ಗಾಜಿನ ಹಿಂದಿನ ಪ್ಲೇಟು, ಮೋಟಾರು, ಹೊರಗಿನ ಪ್ಲಾಸ್ಟಿಕ್ ಕವಚ, ಮಡಚುವ ಜಾಗದ ಸ್ಪ್ರಿಂಗು, ಬಾಗಿಲಿಗೆ ಕೂರುವ ಲೋಹದ ಬುಡ, ಇವೆಲ್ಲ ಸೇರಿ ಒಂದು ಕನ್ನಡಿ. ಗಾಜು ಮಾತ್ರ ಒಡೆದಿದ್ದರೆ ಇಡೀ ಕನ್ನಡಿ ಬದಲಿಸುವುದು ದಂಡ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಒಂದು ಅಂಚಿನಿಂದ ಎಬ್ಬಿಸಿದರೆ ಹೆಚ್ಚಿನ ಕಾರುಗಳಲ್ಲಿ ಗಾಜು ಪ್ಲೇಟಿನ ಸಮೇತ ಕ್ಲಿಪ್ ಬಿಟ್ಟು ಬರುತ್ತದೆ. ಹೊಸದನ್ನು ಬಟ್ಟೆ ಹಿಡಿದು, ಅಂಗೈಯಿಂದ ನಡುಮಧ್ಯೆ ಒತ್ತಿದರೆ ಟಕ್ ಅಂತ ಕೂರುತ್ತದೆ. ಅಂಚಿನಲ್ಲಿ ಒತ್ತಿದರೆ ಹೊಸ ಗಾಜೂ ಹೋಗುತ್ತದೆ.

ನನ್ನದರಲ್ಲಿ ಗಾಜಿಗೆ ಗೀರೂ ಬಿದ್ದಿರಲಿಲ್ಲ. ಸೀಳಿದ್ದು ಬುಡ. ಅದು ಎರಕ ಹೊಯ್ದ ಲೋಹ, ಬಗ್ಗುವ ಜಾತಿಯದ್ದಲ್ಲ, ನೇರ ಬಿರುಕು ಬಿಡುತ್ತದೆ. ಎಪಾಕ್ಸಿ ಹಾಕಿ ಅಂಟಿಸಿ ಅಂದವರಿದ್ದಾರೆ. ಆ ಜಾಗದಲ್ಲಿ ಸ್ಪ್ರಿಂಗ್ ಸದಾ ಎಳೆಯುತ್ತಿರುತ್ತದೆ, ಮೇಲಿಂದ ಗಾಳಿಯ ಹೊಡೆತ ಬೇರೆ. ಅಂಟು ಕೆಲವು ಕಾಲ ತಡೆದೀತು. ಆದರೆ ಹೈವೇಯಲ್ಲಿ ಕನ್ನಡಿ ಕಳಚಿ ಹಿಂದಿನವರ ಮೇಲೆ ಬಿದ್ದರೆ ಯಾರು ಹೊಣೆ? ಬುಡ ಸೀಳಿದ್ದರೆ ಇಡೀ ಕನ್ನಡಿಯೇ ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಳೆಯ ಕಾರಿಗೆ ಹೊಸ ಕನ್ನಡಿ ಸಿಗುವುದು ಅಪರೂಪ. ನಾನು ಬಳಸಿದ್ದನ್ನೇ ತೆಗೆದುಕೊಂಡೆ. ನಕಲು ಮಾಲಿಗಿಂತ ಗೀರು ಬಿದ್ದ ಅಸಲಿ ಮಾಲೇ ಮೇಲು, ಯಾಕೆಂದರೆ ಬುಡದ ಕೋನ ಸರಿಯಾಗಿ ಕೂರುತ್ತದೆ. ನೋಡಲು ಒಂದೇ ತರಹ ಇದ್ದರೂ ಎರಡು ಕನ್ನಡಿ ಒಂದೇ ಅಲ್ಲ. ಎಡಗಡೆ ಸ್ಟಿಯರಿಂಗ್ ಇರುವ ಕಾರಿನದ್ದು, ಬಲಗಡೆ ಇರುವುದರದ್ದು ಬೇರೆ ಬೇರೆ ದಿಕ್ಕಿಗೆ ನೋಡುವಂತೆ ಮಾಡಿರುತ್ತಾರೆ. ಗಾಜೂ ಬೇರೆ. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 111 ನಿಯಮದಂತೆ ಅಲ್ಲಿಗೆ ಮಾಡಿದ ಕಾರುಗಳಲ್ಲಿ ಡ್ರೈವರ್ ಪಕ್ಕದ ಗಾಜು ಚಪ್ಪಟೆ. ಇನ್ನೊಂದು ಪಕ್ಕದ, ಪ್ರಯಾಣಿಕರ ಕಡೆಯ ಗಾಜು ಉಬ್ಬಿದ್ದರೆ ಅದರ ಉಬ್ಬಿನ ತ್ರಿಜ್ಯ 889ರಿಂದ 1651 ಮಿಲಿಮೀಟರ್ ಒಳಗಿರಬೇಕು, ಕಾಣುವುದಕ್ಕಿಂತ ವಸ್ತುಗಳು ಹತ್ತಿರ ಇವೆ ಅನ್ನುವ ಎಚ್ಚರಿಕೆಯೂ ಗಾಜಿನ ಮೇಲಿರಬೇಕು. ಯುರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಪಕ್ಕದ್ದೂ ಉಬ್ಬಿರುತ್ತದೆ. ಆ ಕನ್ನಡಿಗಳ ಮೇಲೆ ಹೆಚ್ಚಾಗಿ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಅಂಕಿ ಇರುತ್ತದೆ. ವರ್ಷಗಟ್ಟಲೆ ಚಪ್ಪಟೆ ಗಾಜಿಗೆ ಒಗ್ಗಿದ ಕಣ್ಣಿಗೆ ಉಬ್ಬಿದ ಗಾಜು ಸಿಕ್ಕರೆ ಹಿಂದಿನ ಲಾರಿ ಇನ್ನೂ ದೂರ ಇದೆ ಅನ್ನಿಸಿಬಿಡುತ್ತದೆ. ಹಾಗಾಗಿ ಪಾರ್ಟ್ ನಂಬರ್ ನೋಡದೆ ಕೊಳ್ಳಬೇಡಿ.

ವೈರುಗಳನ್ನೂ ಎಣಿಸಿ. ಹಳೆಯ ಪವರ್ ಕನ್ನಡಿಯಲ್ಲಿ ಸಾಮಾನ್ಯವಾಗಿ ಮೂರು ವೈರು, ಎರಡು ಮೋಟಾರು. ಒಂದು ವೈರು ಇಬ್ಬರಿಗೂ ಸೇರಿದ್ದು. ಕರೆಂಟ್ ಉಲ್ಟಾ ಕೊಟ್ಟರೆ ಮೋಟಾರ್ ಉಲ್ಟಾ ತಿರುಗುತ್ತದೆ, ಅಷ್ಟೇ ವಿಷಯ. ಗಾಜು ಬಿಸಿ ಮಾಡುವ ವ್ಯವಸ್ಥೆ ಇದ್ದರೆ ಇನ್ನೆರಡು ವೈರು ಜಾಸ್ತಿ. ಬಳಸಿದ ಕನ್ನಡಿ ಕೈಗೆ ಬಂದ ಕೂಡಲೇ 9 ವೋಲ್ಟ್‌ನ ಚೌಕ ಬ್ಯಾಟರಿ ಹಿಡಿದು ಪ್ಲಗ್‌ನ ಪಿನ್ನುಗಳಿಗೆ ತಾಗಿಸಿ ನೋಡಿದೆ. ಗಾಜು ಮೇಲೆ ಕೆಳಗೆ, ಆ ಕಡೆ ಈ ಕಡೆ ಓಡಾಡಿತು. ಕೊನೆ ಮುಟ್ಟಿದಾಗ ಕಟಕಟ ಅಂದರೆ ಹೆದರಬೇಡಿ. ಮೋಟಾರ್ ಸುಡದಂತೆ ಒಳಗಿನ ಕ್ಲಚ್ ಜಾರುವ ಶಬ್ದ ಅದು. ಬಣ್ಣ ನನ್ನ ಕಾರಿನದ್ದಾಗಿರಲಿಲ್ಲ. ನೀರು ಹಾಕಿ ಉಜ್ಜುವ 600, 800 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಪ್ಲಾಸ್ಟಿಕ್‌ಗೆ ಹಾಕುವ ಪ್ರೈಮರ್ ಹೊಡೆದು, ಕಾರಿನ ಮಾಹಿತಿ ಪಟ್ಟಿಯ ಮೇಲಿದ್ದ ಪೇಂಟ್ ಕೋಡ್ ಕೊಟ್ಟು ಬಣ್ಣ ಮಾಡಿಸಿದೆ.

ಈಗ ಬಾಗಿಲು, ಕನ್ನಡಿಯ ಬೋಲ್ಟ್‌ಗಳು ಇರುವುದು ಅದರೊಳಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ರೇಡಿಯೋಗೆ ಕೋಡ್ ಇದ್ದರೆ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಪಕ್ಕದ ಏರ್‌ಬ್ಯಾಗ್ ಇರುವ ಕಾರಾದರೆ ಪ್ಲಗ್ಗುಗಳು ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಲೇಬೇಡಿ. ಸ್ಕ್ರೂಗಳ ವಿಷಯದಲ್ಲಿ ಒಂದು ಕಿವಿಮಾತು. ಜಪಾನಿ ಕಾರುಗಳಲ್ಲಿ ಇರುವ ಪ್ಲಸ್ ಗುರುತಿನ ಸ್ಕ್ರೂಗಳು ಫಿಲಿಪ್ಸ್ ಅಲ್ಲ, ಜೆಐಎಸ್, ಅಂದರೆ ಜಪಾನಿನದೇ ಅಳತೆಯವು. ತಲೆಯ ಮೇಲೆ ಹಲವು ಸಲ ಸಣ್ಣ ಚುಕ್ಕೆ ಇರುತ್ತದೆ. ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ಅದು ಮೇಲಕ್ಕೆ ಜಾರಿ ತಲೆಯನ್ನೇ ಸವೆಸಿಬಿಡುತ್ತದೆ. ಮುಂಚೆಯೇ ಯಾರೋ ಸವೆಸಿಟ್ಟಿರುತ್ತಾರೆ ಅನ್ನಿ.

ಡೋರ್ ಪ್ಯಾನೆಲ್ ಹಳೆಯ ಗಟ್ಟಿ ರಟ್ಟಿನದ್ದು. ತೇವಕ್ಕೆ ಮೆತ್ತಗಾಗಿ ಕ್ಲಿಪ್ ಕೂರುವ ತೂತುಗಳು ಹರಿಯಲು ಕಾಯುತ್ತಿರುತ್ತವೆ. ಕ್ಲಿಪ್ ಎಬ್ಬಿಸುವ ಕವೆಯಾಕಾರದ ಉಪಕರಣವನ್ನು ಸರಿಯಾಗಿ ಕ್ಲಿಪ್‌ನ ಬುಡಕ್ಕೆ ಕೊಡಬೇಕು, ಎರಡು ಕ್ಲಿಪ್‌ಗಳ ನಡುವೆ ಅಲ್ಲ. ಕ್ಲಿಪ್‌ಗಳು ಮುರಿದೇ ಮುರಿಯುತ್ತವೆ, ಒಂದಿಷ್ಟು ಜಾಸ್ತಿ ತಂದಿಟ್ಟುಕೊಳ್ಳಿ.

ಪ್ಯಾನೆಲ್ ತೆಗೆದರೆ ಒಳಗೆ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ, ಕಪ್ಪು ಬ್ಯುಟೈಲ್ ಅಂಟಿನಿಂದ ಬಾಗಿಲಿಗೆ ಅಂಟಿರುತ್ತದೆ. ಎಷ್ಟೋ ಜನ ಇದನ್ನು ಸುಮ್ನೆ ಹರಿದು ಬಿಸಾಡುತ್ತಾರೆ. ಇಲ್ಲೇ ಎಲ್ಲ ಇರುವುದು. ಮಳೆ ಬಂದಾಗ ಕಿಟಕಿಯ ಗಾಜಿನ ಹೊರಮೈಗೆ ಬಿದ್ದ ನೀರು ರಬ್ಬರ್ ಪಟ್ಟಿ ದಾಟಿ ಬಾಗಿಲ ಹೊಟ್ಟೆಯೊಳಗೆ ಇಳಿಯುತ್ತದೆ. ಅದು ಸಹಜ. ಎಲ್ಲ ಕಾರಿನ ಬಾಗಿಲೂ ಒಳಗೆ ನೆನೆಯುತ್ತದೆ. ಕೆಳಗಿನ ತೂತುಗಳಿಂದ ನೀರು ಆಚೆ ಹೋಗುತ್ತದೆ. ಆ ನೀರು ಪ್ಯಾನೆಲ್‌ಗೆ, ಅಲ್ಲಿಂದ ಕಾರ್ಪೆಟ್‌ಗೆ ಬರದಂತೆ ತಡೆಯುವುದು ಈ ಹಾಳೆ ಮಾತ್ರ. ಕನ್ವರ್ಟಿಬಲ್‌ನಲ್ಲಿ ಕಾರ್ಪೆಟ್ ಒದ್ದೆಯಾದರೆ ಎಲ್ಲರೂ ಪಾಪ ಟಾಪ್ ಮೇಲೆ ತಪ್ಪು ಹೊರಿಸುತ್ತಾರೆ. ಹೊಸ ಟಾಪ್ ಹಾಕಿಸಿದ ಮೇಲೂ ನೀರು ನಿಲ್ಲದವರು ಈ ಹಾಳೆಯನ್ನು ಒಮ್ಮೆ ನೋಡಬೇಕು.

ಹಾಳೆಯನ್ನು ಎಳೆಯಬೇಡಿ, ಅಂಟನ್ನು ಕೊಯ್ಯಿರಿ. ಉದ್ದ ಅಲಗಿನ ಚಾಕುವನ್ನು ಬಾಗಿಲಿಗೆ ಮಲಗಿಸಿ ಬ್ಯುಟೈಲ್‌ನ ನಡುವೆ ನಿಧಾನ ಸರಿಸಿದೆ. ತಣ್ಣಗಿದ್ದರೆ ಸಲೀಸಾಗಿ ಕೊಯ್ಯುತ್ತದೆ, ಬಿಸಿಲಿಗೆ ಕಾದಿದ್ದರೆ ನೂಲು ನೂಲಾಗಿ ಎಳೆದು ಕೈ, ಗಾಜು, ಸೀಟು ಎಲ್ಲಕ್ಕೂ ಮೆತ್ತುತ್ತದೆ. ಕೆಲಸಕ್ಕೆ ಬೇಕಾದ ಮೂಲೆಯಷ್ಟೇ ಬಿಡಿಸಿ, ಉಳಿದದ್ದನ್ನು ಟೇಪ್ ಹಾಕಿ ಮೇಲೆತ್ತಿ ನಿಲ್ಲಿಸಿದೆ.

ಕನ್ವರ್ಟಿಬಲ್ ಬಾಗಿಲಿನಲ್ಲಿ ಗಾಜಿಗೆ ಸುತ್ತ ಚೌಕಟ್ಟಿಲ್ಲ. ಗಾಜು ಎಷ್ಟು ಮೇಲೆ ಬರಬೇಕು, ಒಳಗೆ ಎಷ್ಟು ವಾಲಬೇಕು ಅನ್ನುವುದೆಲ್ಲ ಬಾಗಿಲೊಳಗಿನ ಉದ್ದ ತೂತಿನ ಬೋಲ್ಟ್‌ಗಳ ಮೇಲೆ ನಿಂತಿದೆ. ಅವು ಕನ್ನಡಿಯ ಬೋಲ್ಟ್‌ಗಳಿಗೆ ತೀರ ಹತ್ತಿರ ಇರಬಹುದು. ಕಣ್ತಪ್ಪಿನಿಂದ ಒಂದನ್ನು ಸಡಿಲಿಸಿದರೂ ಟಾಪ್‌ನ ರಬ್ಬರಿಗೆ ಗಾಜು ಸರಿಯಾಗಿ ಒತ್ತುವುದಿಲ್ಲ. ಹಾಗಾಗಿ ನಾನು ಬಿಚ್ಚಬಾರದ ಬೋಲ್ಟ್‌ಗಳಿಗೆಲ್ಲ ಮೊದಲೇ ಬಿಳಿ ಪೇಂಟ್ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಕೆಲಸದುದ್ದಕ್ಕೂ ಗಾಜು ಕೆಳಗಿಳಿಸಿಯೇ ಇತ್ತು.

ಕನ್ನಡಿಯ ಬುಡದ ಬೋಲ್ಟ್‌ಗಳು ಉಕ್ಕು, ಬುಡ ಬೇರೆ ಲೋಹ. ತೇವ ಸೇರಿ ಎರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚುವುದು ನನ್ನ ಕ್ರಮ. ಆ ಮೊದಲ ಚಿಟ್ ಶಬ್ದ ಕೇಳಿದರೆ ಗೆದ್ದಂತೆ. ಕೊನೆಯ ಬೋಲ್ಟ್ ತೆಗೆಯುವಾಗ ಹೊರಗಿಂದ ಕನ್ನಡಿಯನ್ನು ಒಬ್ಬರು ಹಿಡಿದಿರಲಿ, ಇಲ್ಲದಿದ್ದರೆ ವೈರಿನಲ್ಲಿ ನೇತಾಡಿ ಬಾಗಿಲ ಬಣ್ಣ ಕೆರೆಯುತ್ತದೆ.

ಹಳೆಯ ಕನ್ನಡಿ ಎತ್ತಿದಾಗ ಅದರ ಕೆಳಗಿದ್ದ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ಮೆತ್ತನೆಯ ಪದರ, ಬಿಸ್ಕತ್ತಿನಷ್ಟು ಗಟ್ಟಿಯಾಗಿತ್ತು. ಅದರ ಗುರುತಿನುದ್ದಕ್ಕೂ ಬಣ್ಣ ಹೋಗಿ ಕೆಂಪು ತುಕ್ಕು. ಹೊರಗಿಂದ ಒಂದಿಷ್ಟೂ ಕಾಣುತ್ತಿರಲಿಲ್ಲ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಸತುವಿನ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಕೊಟ್ಟು ಪೂರ್ತಿ ಒಣಗಲು ಬಿಟ್ಟೆ. 3 ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಫೋಮ್ ಹಾಳೆಯಲ್ಲಿ ಬುಡದ ಆಕಾರಕ್ಕೆ ಹೊಸ ಗ್ಯಾಸ್ಕೆಟ್ ಕತ್ತರಿಸಿದೆ. ಅದರ ರಂಧ್ರಗಳು ಒಂದಕ್ಕೊಂದು ಸೇರಿರುವುದಿಲ್ಲ, ನೀರು ಹೀರುವುದಿಲ್ಲ. ಮಾಮೂಲಿ ಸ್ಪಂಜು ಬೇಡ, ಅದು ನೀರು ಹಿಡಿದಿಟ್ಟುಕೊಂಡು ಮತ್ತೆ ತುಕ್ಕು ತರುತ್ತದೆ. ವಿನಿಗರ್ ವಾಸನೆಯ ಸಿಲಿಕೋನ್ ಅಂತೂ ಬೇಡವೇ ಬೇಡ. ಒಣಗುವಾಗ ಅದು ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ.

ಪ್ಲಗ್ ದೊಡ್ಡದು, ಬಾಗಿಲ ತೂತು ಚಿಕ್ಕದು. ಇದು ಮಾಮೂಲು. ವೈರ್ ಕತ್ತರಿಸುವ ಬದಲು ಪ್ಲಗ್‌ನ ಫೋಟೋ ತೆಗೆದುಕೊಂಡು, ಸಣ್ಣ ಸೂಜಿಯಿಂದ ಪಿನ್‌ನ ನಾಲಿಗೆ ಒತ್ತಿ ಒಂದೊಂದೇ ಪಿನ್ ಹಿಂದಕ್ಕೆ ಎಳೆದೆ. ವೈರ್ ತೂರಿಸಿ ಮತ್ತೆ ಅದೇ ಜಾಗಕ್ಕೆ ಕೂರಿಸಿದೆ. ಗಾಜು ಇಳಿಯುವ ದಾರಿಗೆ ವೈರ್ ಅಡ್ಡ ಬರದಂತೆ ಕಟ್ಟಬೇಕು. ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೆ ಒಂದರಂತೆ ಬಿಗಿ ಮಾಡಿದೆ. ಎರಕದ ಬುಡಕ್ಕೆ ಜಾಸ್ತಿ ಶಕ್ತಿ ಹಾಕಿದರೆ ಹೊಸದೂ ಸೀಳುತ್ತದೆ.

ಪ್ಯಾನೆಲ್ ಹಾಕುವ ಮೊದಲು ನೀರಿನ ಪರೀಕ್ಷೆ. ಪೈಪ್‌ನಲ್ಲಿ ನೀರನ್ನು ಮಳೆಯ ಹಾಗೆ ಬಿಡಬೇಕು, ಪಿಚಕಾರಿಯ ರಭಸ ಬೇಡ. ಕೆಳಗಿಂದ ಶುರುಮಾಡಿ ನಿಧಾನ ಮೇಲೇರಿದರೆ ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ. ಕನ್ನಡಿಯ ಬೋಲ್ಟ್‌ಗಳ ಕೆಳಗೆ ಒಣ ಟಿಶ್ಯೂ ಕಾಗದ ಅಂಟಿಸಿದ್ದೆ. ಒಂದು ಹನಿ ಬಿದ್ದರೂ ಕಾಣುತ್ತದೆ. ಕಾಗದ ಒಣಗಿಯೇ ಇತ್ತು. ಆಮೇಲೆ ಹೊಸ ಬ್ಯುಟೈಲ್ ಹುರಿ ಹಾಕಿ ಹಾಳೆ ಅಂಟಿಸಿದೆ. ಹಾಳೆಯ ಕೆಳತುದಿ ಬಾಗಿಲ ಒಳಗೆ ಹೋಗುವಂತಿದ್ದರೆ ಹಾಗೇ ತೂರಿಸಿ, ಹೊರಗೆ ಉಳಿಸಿದರೆ ನೀರು ನೇರ ಕಾರ್ಪೆಟ್‌ಗೆ.

ಓಡಿಸಿದಾಗ ಸಿಳ್ಳೆ ಕೇಳಿಸಿದರೆ ಕನ್ನಡಿಯ ಬುಡದ ಸುತ್ತ ಪೇಂಟರ್ ಟೇಪ್ ಅಂಟಿಸಿ ಮತ್ತೆ ಓಡಿಸಿ. ನಿಂತರೆ ಗ್ಯಾಸ್ಕೆಟ್ ತಪ್ಪು, ನಿಲ್ಲದಿದ್ದರೆ ಟಾಪ್‌ನ ರಬ್ಬರ್ ಕಡೆ ನೋಡಿ. ಕನ್ನಡಿಯಲ್ಲಿ ಚಿತ್ರ ನಡುಗುತ್ತಿದ್ದರೆ ಕೂಡಲೇ ಬೋಲ್ಟ್ ಬಿಗಿ ಮಾಡಲು ಹೋಗಬೇಡಿ. ತಗಡಿನ ಛಾವಣಿ ಇಲ್ಲದ ಕಾರಿನ ಮೈಯೇ ಹಳ್ಳದ ರಸ್ತೆಯಲ್ಲಿ ತಿರುಚಿ ನಡುಗುತ್ತದೆ. ಇದಕ್ಕೆ ಸ್ಕಟಲ್ ಶೇಕ್ ಅನ್ನುತ್ತಾರೆ. ವಿಂಡ್‌ಸ್ಕ್ರೀನ್ ಮೇಲಿನ ಒಳಗಿನ ಕನ್ನಡಿಯನ್ನು ನೋಡಿ. ಅದೂ ಜೊತೆಗೇ ನಡುಗುತ್ತಿದ್ದರೆ ಅದು ಕಾರಿನ ಸ್ವಭಾವ, ಕನ್ನಡಿಯದ್ದಲ್ಲ. ಬಾಗಿಲ ಕನ್ನಡಿ ಒಂದೇ ನಡುಗಿದರೆ ಮೊದಲು ಗಾಜಿನ ಹಿಂದಿನ ಪ್ಲೇಟ್ ಕ್ಲಿಪ್‌ಗೆ ಪೂರ್ತಿ ಕೂತಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ, ಬೋಲ್ಟ್‌ಗಳ ಸರದಿ ಆಮೇಲೆ.