ಆಕ್ಟಿನ್ ನಂಬಿ ಕೆಟ್ಟ ಆರು ತಿಂಗಳು

ಪುಣೆಯ ಲ್ಯಾಬ್‌ಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಟ್ರೈಕೋಗ್ರಾಮಾ. ಕಬ್ಬಿನ ಗದ್ದೆಯಲ್ಲಿ ಟ್ರೈಕೋ ಕಾರ್ಡ್ ಕಟ್ಟುತ್ತಾರಲ್ಲ, ಅದರೊಳಗಿನ ಕಣಜ. ಉದ್ದ ಅರ್ಧ ಮಿಲಿಮೀಟರ್. ಬಿಸಿ ತಾಗಿದಾಗ ಇದರ ಹೀಟ್ ಶಾಕ್ ಜೀನ್ (ಬಿಸಿಯಿಂದ ಜೀವಕೋಶ ಕಾಯುವ ಜೀನ್) ಎಷ್ಟು ಏರುತ್ತದೆ ಎಂದು ಕ್ಯೂಪಿಸಿಆರ್‌ನಲ್ಲಿ, ಅಂದರೆ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ವಿಧಾನದಲ್ಲಿ, ನೋಡಬೇಕಿತ್ತು. ಹೋಲಿಸಲು, ಎಲ್ಲ ಹಂತದಲ್ಲೂ ಒಂದೇ ಸಮ ಇರುತ್ತದೆಂದು ನಂಬಿ ಆಕ್ಟಿನ್ ಎಂಬ ಜೀನ್ ಇಟ್ಟುಕೊಂಡೆ. ಎಲ್ಲರೂ ಅದನ್ನೇ ಇಡುತ್ತಾರೆ, ಅಲ್ವಾ?

ಬಿಸಿ ತಾಗಿಸದೆ ಇಟ್ಟ ಕಂಟ್ರೋಲ್‌ನಲ್ಲೇ, ಬೆಳೆದ ಕಣಜಕ್ಕಿಂತ ಪ್ಯೂಪಾದಲ್ಲಿ (ಕೋಶಾವಸ್ಥೆ) ಹೀಟ್ ಶಾಕ್ ಜೀನ್ ಎಂಟು ಪಟ್ಟು ಜಾಸ್ತಿ ಬಂತು. ಖುಷಿಯಿಂದ ಸೀನಿಯರ್ ಅಕ್ಕನಿಗೆ ಗ್ರಾಫ್ ತೋರಿಸಿದೆ. ಅವರು ವಿಜಯಪುರದವರು. "ತಂಗಿ, ಬರೇ ಆಕ್ಟಿನ್ ಸಿಟಿ ತೋರ್ಸು ನೋಡೂಣು" ಅಂದರು. ಸಿಟಿ ಅಂದರೆ ಜೀನ್ ಕಾಣಿಸಿಕೊಳ್ಳಲು ಬೇಕಾದ ಸೈಕಲ್ ಸಂಖ್ಯೆ; ಒಂದೊಂದು ಸೈಕಲ್‌ಗೂ ನಕಲು ಎರಡು ಪಟ್ಟಾಗುವುದರಿಂದ, ಸಂಖ್ಯೆ ಕಡಿಮೆ ಇದ್ದಷ್ಟೂ ಜೀನ್ ಜಾಸ್ತಿ. ಎಲ್ಲ ಸ್ಯಾಂಪಲ್‌ಗೂ ಆರ್‌ಎನ್‌ಎ ಒಂದೇ ಅಳತೆ ಹಾಕಿದ್ದೆ. ಆದರೂ ಆಕ್ಟಿನ್ ಪ್ಯೂಪಾದಲ್ಲಿ 21, ಬೆಳೆದ ಕಣಜದಲ್ಲಿ 18. ಮೂರು ಸೈಕಲ್ ಅಂದರೆ ಎಂಟು ಪಟ್ಟು! ಹೀಟ್ ಶಾಕ್ ಜೀನ್ ಅಲ್ಲಾಡಿರಲೇ ಇಲ್ಲ. "ತೂಕದ ಕಲ್ಲೇ ಸವದಿತ್ತು ನೋಡು" ಎಂದು ಅಕ್ಕ ನಕ್ಕರು. ನನಗೆ ಅಳು ಬಂತು.

ಮತ್ತೆ ಮೊದಲಿಂದ. ಈ ಸಲ ಹೋಲಿಕೆಗೆ ಎಂಟು ಜೀನ್: ಆಕ್ಟಿನ್, ಟ್ಯೂಬುಲಿನ್, ಗ್ಯಾಪ್‌ಡಿಎಚ್, ಇಎಫ್1-ಆಲ್ಫಾ, 18ಎಸ್, ಮೂರು ರೈಬೋಸೋಮ್ ಪ್ರೋಟೀನ್ ಜೀನ್‌ಗಳು. ಪ್ರೈಮರ್‌ಗಳ (ಜೀನನ್ನು ಹಿಡಿದು ನಕಲು ಶುರುಮಾಡುವ ಡಿಎನ್‌ಎ ತುಣುಕುಗಳು) ದಕ್ಷತೆ ಶೇ. 90ರಿಂದ 110ರ ಒಳಗಿತ್ತು. ಆದರೆ ಯಾರೂ ಹೇಳದ ತೊಂದರೆ ಬೇರೆ ಇತ್ತು. ಪ್ಯೂಪಾ ಇರುವುದು ಅಕ್ಕಿ ಪತಂಗದ ಮೊಟ್ಟೆಯೊಳಗೆ. ಅರೆಯುವಾಗ ಮೊಟ್ಟೆಯೂ ಸೇರುತ್ತದೆ. ಸುಮ್ನೆ ಅನುಮಾನಕ್ಕೆ ಕಣಜವಿಲ್ಲದ ಬರಿ ಮೊಟ್ಟೆಯ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ) ಹಾಕಿದೆ. ಎರಡು ಪ್ರೈಮರ್ ಅದರಲ್ಲೂ ಏರಿದವು. ಇಂಥ ಜೀನ್‌ಗಳು ಕೀಟದಿಂದ ಕೀಟಕ್ಕೆ ಹೆಚ್ಚು ಬದಲಾಗುವುದಿಲ್ಲ, ಅದೇ ಕಾಟ. ಜೀನಿನ ಬಾಲದ ಕಡೆಯಿಂದ, ಪ್ರೋಟೀನ್ ಆಗದ ಭಾಗದಿಂದ ಹೊಸ ಪ್ರೈಮರ್ ಮಾಡಿಸಿದ ಮೇಲೆ ಸರಿಹೋಯಿತು.

ಇನ್ನು ಯಾವ ಜೀನ್ ಹೆಚ್ಚು ಸ್ಥಿರ ಎಂದು ಹೇಳುವ ಸಾಫ್ಟ್‌ವೇರ್‌ಗಳ ಜಗಳ. ಜೀನಾರ್ಮ್ ಎರಡು ರೈಬೋಸೋಮ್ ಜೀನ್‌ಗಳನ್ನು ಮೇಲಿಟ್ಟಿತು. ನಾರ್ಮ್‌ಫೈಂಡರ್‌ಗೆ ಇಎಫ್1-ಆಲ್ಫಾ ಇಷ್ಟ. ಬೆಸ್ಟ್‌ಕೀಪರ್ 18ಎಸ್ ಎಂದಿತು. ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಜೋಡಿಯೂ ಜೀನಾರ್ಮ್ ಕಣ್ಣಿಗೆ ಒಳ್ಳೆಯದೇ. ಹಾಗಾಗಿ ಅಕ್ಕ ತಂಗಿಯರಂತಿದ್ದ ಆ ಎರಡರಲ್ಲಿ ಒಂದನ್ನು ಮಾತ್ರ ತೆಗೆದುಕೊಂಡೆ. 18ಎಸ್ ವಿಪರೀತ ಜಾಸ್ತಿ ಇರುವುದರಿಂದ ತುಂಬಾ ಬೇಗ ಏರುತ್ತಿತ್ತು, ಬಿಟ್ಟೆ. ಇಎಫ್1-ಆಲ್ಫಾ ಜೊತೆಗೆ ಒಂದು ರೈಬೋಸೋಮ್ ಜೀನ್ ಇಟ್ಟು ಗ್ರಾಫ್ ಮತ್ತೆ ಹಾಕಿದೆ. ಕಂಟ್ರೋಲ್‌ನ ಎಂಟು ಪಟ್ಟು ಮಾಯ. ಬಿಸಿಗೆ ಏರಿದ್ದು ಉಳಿಯಿತು.

ಈಗ ಗಂಡು ಹೆಣ್ಣು ಹೋಲಿಸುವ ಕೆಲಸ. ಈ ಕಣಜದಲ್ಲಿ ಹೆಣ್ಣಿಗೆ ಕ್ರೋಮೋಸೋಮ್ ಜೋಡಿ, ಗಂಡಿಗೆ ಒಂಟಿ. ಹೋಲಿಕೆಯ ಜೀನ್ ಎರಡರಲ್ಲೂ ಸಮವೇ ಎಂದು ಮತ್ತೆ ನೋಡಬೇಕು. ಎಂಟೂ ಪ್ರೈಮರ್ ಮತ್ತೆ ಐಸ್ ಮೇಲೆ ಕೂತಿವೆ.