ಮದುವೆ ಸೀಸನ್ನು ಮತ್ತು ಕೊಂಡುಕುರಿ

"ಈ ಬಯಲುಸೀಮೆಯಲ್ಲಿ ಏನೈತೆ ಅಂತ ಕ್ಯಾಮೆರಾ ಹೊತ್ಕೊಂಡು ಅಲೀತೀರಿ ಸಾರ್?" ದಾವಣಗೆರೆಯಲ್ಲಿ ಈ ಮಾತನ್ನು ನನ್ನಷ್ಟು ಸಲ ಕೇಳಿಸಿಕೊಂಡವರು ಕಡಿಮೆ. ಹುಲಿ ಬೇಕಾದರೆ ಬಂಡೀಪುರ, ಹಕ್ಕಿ ಬೇಕಾದರೆ ದಾಂಡೇಲಿ ಅಂತಾರೆ. ಎರಡೂ ಕಡೆ ಹೋಗಿ ಬಂದಿದ್ದೇನೆ. ಚೆನ್ನಾಗಿವೆ. ಆದರೆ ಒಂದು ಹುಲಿ ಕಂಡರೆ ಸಾಕು, ಸುತ್ತ ಜೀಪುಗಳ ಸಾಲು. ಅಷ್ಟು ಜನರ ನಡುವೆ ನಾನೊಬ್ಬ ಕ್ಲಿಕ್ ಮಾಡದಿದ್ದರೆ ಆ ಹುಲಿಗೇನೂ ನಷ್ಟವಿಲ್ಲ. ನಮ್ಮ ಜಗಳೂರು ಕಡೆಯ ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಪುಟ್ಟ ಹುಲ್ಲೆಯ ಮಾತು ಬೇರೆ. ಅದರ ಫೋಟೋ ತೆಗೆಯುವವರೇ ಬೆರಳೆಣಿಕೆ.

ನಮ್ಮದು ಸಣ್ಣ ಸ್ಟುಡಿಯೊ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್, ಇದೇ ಹೊಟ್ಟೆಪಾಡು. ರೋಲಿನ ಕಾಲದಲ್ಲಿ ಮದುವೆ ಮುಗಿದ ಮೇಲೆ ನಾಲ್ಕೈದು ಫ್ರೇಮ್ ಉಳಿಯುತ್ತಿದ್ದವು. ಅದನ್ನು ಖಾಲಿ ಮಾಡೋಕೆ ಅಂತ ಬೆಳಿಗ್ಗೆ ಕುಂದವಾಡ ಕೆರೆಗೋ ಕೊಂಡಜ್ಜಿ ಗುಡ್ಡಕ್ಕೋ ಸೈಕಲ್ ಹತ್ತುತ್ತಿದ್ದೆ. ಹುಚ್ಚು ಹಿಡಿದದ್ದು ಹಾಗೆ. 36 ಫ್ರೇಮಿನ ರೋಲು ಕೈಯನ್ನು ಬಿಗಿ ಹಿಡಿಸುತ್ತಿತ್ತು. ಹಕ್ಕಿ ಏನು ಮಾಡುತ್ತದೆ ಅಂತ ಮೊದಲು ನೋಡಬೇಕು, ಆಮೇಲೆ ಬೆರಳು ಒತ್ತಬೇಕು. ಈಗಿನ ಹುಡುಗರು ಒಂದೇ ಮಿಂಚುಳ್ಳಿಗೆ ಕಾರ್ಡ್ ತುಂಬಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ ಬಿಡಿ, ಮನೆಗೆ ಬಂದು ಆರಿಸುವಾಗ ಮಾತ್ರ ಅಳು ಬರುತ್ತದೆ.

ರಂಗಯ್ಯನದುರ್ಗ ಜಗಳೂರು ತಾಲ್ಲೂಕಿನಲ್ಲಿದೆ. 2011ರಲ್ಲಿ ಅಲ್ಲಿನ ಕಾಡನ್ನು ಕೊಂಡುಕುರಿ ವನ್ಯಜೀವಿ ಧಾಮ ಅಂತ ಘೋಷಿಸಿದರು. ಸುಮಾರು 77 ಚದರ ಕಿಲೋಮೀಟರ್. ಎಲೆ ಉದುರಿಸುವ ಮರ, ಮುಳ್ಳುಕಂಟಿ, ಕಲ್ಲುಗುಡ್ಡ. ಜಗತ್ತಿನ ಕಾಡು ಸಸ್ತನಿಗಳಲ್ಲಿ ನಾಲ್ಕು ಕೊಂಬಿರುವುದು ಕೊಂಡುಕುರಿಗೆ ಮಾತ್ರ. ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಎತ್ತರ ನಮ್ಮ ಮೊಣಕಾಲಿನಿಂದ ಸ್ವಲ್ಪ ಮೇಲೆ, ತೂಕ ಇಪ್ಪತ್ತು ಕೆ.ಜಿ. ಆಸುಪಾಸು. ಕೊಂಬು ಗಂಡಿಗೆ ಮಾತ್ರ.

ನನ್ನ ಕಷ್ಟ ಏನಪ್ಪಾ ಅಂದ್ರೆ, ಮಾಘದಿಂದ ವೈಶಾಖದವರೆಗೆ ಮದುವೆ ಸೀಸನ್. ಕಾಡಿನಲ್ಲಿ ಎಲೆ ಉದುರಿ ಕೊಂಡುಕುರಿ ಕಣ್ಣಿಗೆ ಬೀಳುವುದೂ ಆಗಲೇ. ಆಷಾಢದಲ್ಲಿ ಮುಹೂರ್ತ ಇಲ್ಲ, ಪುರುಸೊತ್ತು ಜಾಸ್ತಿ. ಆಗ ಹೋದರೆ ಹುಲ್ಲು, ಎಲೆ ಎದ್ದು ನಿಂತು ಹತ್ತಡಿ ದೂರದ ಪ್ರಾಣಿಯೂ ಕಾಣಲ್ಲ. ಕೊನೆಗೆ ಸೋಮವಾರದ ಮುಹೂರ್ತಗಳನ್ನು ತಮ್ಮನ ತಲೆಗೆ ಕಟ್ಟಿದೆ. ಅವನು ಇವತ್ತಿಗೂ ಗೊಣಗುತ್ತಾನೆ.

ಇದರ ಫೋಟೋಕ್ಕೆ ಅಲೆದಾಟ ಕೆಲಸಕ್ಕೆ ಬರಲ್ಲ. ಸದ್ದಾದರೆ ಕೊಂಡುಕುರಿ ಹುಲ್ಲಿನಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ಇನ್ನೂ ಹತ್ತಿರ ಹೋದರೆ ಚಂಗನೆ ನೆಗೆದು ಮಾಯ. ಸಿಗುವುದು ಬಾಲದ ಫೋಟೋ. ಆದರೆ ಅದಕ್ಕೊಂದು ಅಭ್ಯಾಸ ಇದೆ, ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ನೀರನ್ನೂ ಬಹಳ ದೂರ ಬಿಟ್ಟಿರುವುದಿಲ್ಲ. ಹಿಕ್ಕೆಯ ರಾಶಿ, ನೀರು, ಎರಡರ ನಡುವಿನ ಜಾಡು ಹುಡುಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಇದನ್ನು ನನಗೆ ತೋರಿಸಿಕೊಟ್ಟವರು ಜೊತೆಗೆ ಬಂದ ಫಾರೆಸ್ಟ್ ವಾಚರ್. ಗಾಳಿ ನಮ್ಮ ಮುಖಕ್ಕೆ ಬೀಸುವ ಕಡೆ, ಜಾಡಿನಿಂದ ದೂರ, ಕಂಟಿಯ ಮರೆಯಲ್ಲಿ ಕೂರುತ್ತೇನೆ. ಮುಂದಿನ ಜೋಡಿ ಕೊಂಬು ತೀರಾ ಚಿಕ್ಕದು, ಬೆರಳಿನ ಗಿಣ್ಣಿನಷ್ಟು. ನೆತ್ತಿಯ ಮೇಲೆ ಬಿಸಿಲಿದ್ದರೆ ಕೂದಲಲ್ಲಿ ಕಲೆತುಹೋಗುತ್ತದೆ. ಬೆಳಗಿನ ಅಡ್ಡ ಬೆಳಕು ಬೇಕು, ಲೆನ್ಸ್ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಮುಖ ಸ್ವಲ್ಪ ಓರೆಯಾಗಿರಬೇಕು. ಹಾಗಿದ್ದರೆ ನಾಲ್ಕೂ ಎಣಿಸಬಹುದು. ಅಂದಹಾಗೆ, ಧಾಮದೊಳಗೆ ಕಾಲಿಡಲು ಅನುಮತಿ ಬೇಕು. ಫೋಟೋ ತೆಗೆಯೋಕೂ ಪರವಾನಗಿ ಬೇಕು ಅಂತ 1972ರ ವನ್ಯಜೀವಿ ಕಾಯ್ದೆಯಲ್ಲೇ ಇದೆ.

ಇಷ್ಟೆಲ್ಲ ಮಾಡಿ ತೆಗೆದ ಚಿತ್ರ ಸ್ಪರ್ಧೆಗೆ ಹೋಗುತ್ತದೆ, ಸರ್ಟಿಫಿಕೇಟ್ ಬರುತ್ತದೆ. ಫೋಟೋ ಸಲೋನ್ ಅಂತ ಕರೆಯುವ ಈ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಒಂದು ನಿಯಮ ಇದೆ. ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು. ಬೇಲಿ, ತಂತಿ, ಹೊಲ, ರಸ್ತೆ ಯಾವುದೂ ಬೇಡ. ಕಥೆಗೆ ಅವು ತೀರಾ ಬೇಕಾದ ಕಡೆ ಮಾತ್ರ ವಿನಾಯಿತಿ. ಸ್ಪರ್ಧೆಗೆ ಆ ನಿಯಮ ಸರಿಯೇ. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡಿದ್ದು ಮಾತ್ರ ಆ ನಿಯಮ ಮೀರಿದ ಚಿತ್ರಗಳೇ.

ಕಾಡಂಚಿನಲ್ಲಿ ಕೊಂಡುಕುರಿ, ಹಿಂದೆ ಕೊಯ್ಲಾದ ಮೆಕ್ಕೆಜೋಳದ ಹೊಲ, ಅದರಾಚೆ ಒಂದು ಪಂಪ್‌ಸೆಟ್ ಮನೆ. ಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಬೀಳುವ ಫೋಟೋ. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿ ಹತ್ತಿರದ ಊರಿನ ಶಾಲೆಯಲ್ಲಿ ತೋರಿಸಿದೆ. ನಾಲ್ಕು ಕೊಂಬನ್ನು ಯಾರೂ ಎಣಿಸಲಿಲ್ಲ. "ಸಾರ್, ಅದು ನಮ್ಮ ದೊಡ್ಡಪ್ಪನ ಹೊಲ!" ಅಂತ ಒಬ್ಬ ಹುಡುಗ ಎದ್ದು ನಿಂತ. ಸಂಜೆ ಆ ದೊಡ್ಡಪ್ಪನೇ ಬಂದರು. ಫೋಟೋದ ಮುಂದೆ ಬಹಳ ಹೊತ್ತು ನಿಂತು, "ಇದು ನಮ್ಮ ಹೊಲದಾಗೆ ಬರ್ತೈತೇನ್ರಿ?" ಅಂದರು. ಉರುಳು ಹಾಕುವವರ ಬಗ್ಗೆ, ಬೀದಿನಾಯಿಗಳ ಬಗ್ಗೆ ಅವರೇ ಮಾತು ತೆಗೆದರು. ನಾನು ಭಾಷಣ ಮಾಡಬೇಕಾಗಲಿಲ್ಲ. ಕೊಂಬಿನ ಕ್ಲೋಸಪ್ ತೋರಿಸಿದ್ದರೆ ಅದು ಯಾವುದೋ ದೂರದ ಕಾಡಿನ ಪ್ರಾಣಿ ಆಗುತ್ತಿತ್ತು, ಅಲ್ವಾ?

ಅಂದಿನಿಂದ ಎರಡು ಥರ ತೆಗೆಯುತ್ತೇನೆ. ಪ್ರಾಣಿಯದ್ದೊಂದು, ಜಾಗ ಸಮೇತ ಇನ್ನೊಂದು.

ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳಲ್ಲಿ, ಅಂದರೆ ಅಮೃತಮಹಲ್ ದನ ಮೇಯಲು ಹಿಂದೆ ಬಿಟ್ಟಿದ್ದ ಹುಲ್ಲುಗಾವಲುಗಳಲ್ಲಿ, ಜಾಗದ ಚಿತ್ರ ತೆಗೆಯುವುದೇ ಕಷ್ಟ. ಹುಲ್ಲುಗಾವಲು ಫೋಟೋದಲ್ಲಿ ಬೀಳು ಭೂಮಿಯಂತೆ ಕಾಣುತ್ತದೆ. ನೋಡಿದವರು "ಇಲ್ಲಿ ಗಿಡ ನೆಡಬಹುದಿತ್ತಲ್ಲ" ಅಂತಾರೆ. ಅಲ್ಲಿ ಸಾವಿರಾರು ಎಕರೆ ಈಗಾಗಲೇ ಸಂಶೋಧನಾ ಸಂಸ್ಥೆಗಳಿಗೆ ಹೋಗಿದೆ. ಉಳಿದ ಹುಲ್ಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಹಕ್ಕಿಗಳು ಬರುತ್ತವೆ. ಹದ್ದಿನ ಬಳಗದವು, ಆದರೆ ರಾತ್ರಿ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಅಲ್ಲಿ ನೀಲಗಿರಿ ನೆಟ್ಟರೆ ಅವಕ್ಕೆ ಜಾಗವೇ ಇಲ್ಲ. ಅದಕ್ಕೇ ಹಾರುವ ಹಕ್ಕಿಯ ಬೆನ್ನು ಹತ್ತುವುದು ಬಿಟ್ಟು, ಸಂಜೆ ಅವು ಹುಲ್ಲಿಗೆ ಇಳಿಯುವುದನ್ನು ದೂರದಿಂದ ತೆಗೆಯುತ್ತೇನೆ. ಹತ್ತಿರ ಹೋದರೆ ಎದ್ದು ಹೋಗುತ್ತವೆ, ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕು ಪಾಪ. ಅವು ಮಿಡತೆ ತಿನ್ನುತ್ತವೆ ಅಂತ ಶೇಂಗಾ ಬೆಳೆಯುವವರಿಗೆ ಹೇಳಿ, ಕಿವಿಗೊಟ್ಟು ಕೇಳುತ್ತಾರೆ. ಅಳಿವಿನಂಚು ಅಂದರೆ ತಲೆಯಾಡಿಸಿ ಎದ್ದು ಹೋಗುತ್ತಾರೆ.

ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ಅದರ ವಿಷಯದಲ್ಲಿ ನಾನು ಜಿಪುಣ. ಗೂಡಿನ ಫೋಟೋ ಇಲ್ಲ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದಿಲ್ಲ, ಯಾವ ಬಂಡೆ ಅಂತ ಯಾರಿಗೂ ಹೇಳಲ್ಲ.

ಈಚೆಗೆ ಹಿಡಿದಿರುವ ಕೆಲಸ ಹಳೇ ನೆಗೆಟಿವ್ ಸ್ಕ್ಯಾನ್ ಮಾಡುವುದು. ಅದೇ ಕೆರೆ ಏರಿ, ಅದೇ ಬಂಡೆ, ಅದೇ ತಿಂಗಳು ಹುಡುಕಿ ಹೋಗಿ ಮತ್ತೆ ತೆಗೆಯುತ್ತೇನೆ. ಅಂದಿನದು, ಇಂದಿನದು ಅಕ್ಕಪಕ್ಕ ಇಟ್ಟರೆ ಪಂಚಾಯಿತಿಯಲ್ಲಿ ವಾದ ಮಾಡೋದು ಸುಲಭ. ಇದಕ್ಕೆ ಹೆಚ್ಚು ಸಹಾಯ ಆಗಿದ್ದು ಹಕ್ಕಿ ಫೋಟೋಗಳಲ್ಲ, ಮದುವೆ ಆಲ್ಬಂ. ಕೆರೆ ದಂಡೆಯಲ್ಲಿ ನಿಂತ ಗಂಡು ಹೆಣ್ಣಿನ ಬೆನ್ನ ಹಿಂದೆ ನೀರು ಎಲ್ಲಿವರೆಗಿತ್ತು, ಜೊಂಡು ಎಷ್ಟಿತ್ತು ಎಲ್ಲ ಇದೆ, ತಾರೀಖಿನ ಸಮೇತ. ನಿಮ್ಮ ಮನೆಯ ಬೀರುವಿನಲ್ಲೂ ಅಂಥದ್ದು ಇದ್ದರೆ ಸ್ಟುಡಿಯೊಗೆ ತನ್ನಿ. ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೀನಿ, ದುಡ್ಡು ಬೇಡ.